ಹಕ್ಕಿಯ ಕೆಳಗೆ ಆಕಾಶ

ಡಾಟಿ ನಿಂತುಬಿಟ್ಟಿತು. ಮುಂದಿನ ಬಲಗಾಲು ಮಡಿಸಿ, ಮೂಗು ಚಾಚಿ, ಬಾಲ ಸೆಟೆಸಿ, ಗೋಧಿ ಕೊಯ್ದ ಕೂಳೆಯ ನಡುವೆ ಅಲ್ಲಾಡದೆ ನಿಂತಿತು. ಬೆನ್ನಿನ ಮೇಲಿಂದ ಮಳೆನೀರು ಇಳಿದು ಹೊಟ್ಟೆಯಡಿ ತೊಟ್ಟಿಕ್ಕುತ್ತಿತ್ತು. ಬೆಳಗಿನಿಂದ ನಾಯಿ ಹೀಗೆ ಹಕ್ಕಿ ತೋರಿಸುತ್ತಿರುವುದು ಇದು ಒಂಬತ್ತನೆಯ ಸಲ. ಸಂಪತ್ ಕೋವಿಯನ್ನು ಎದೆಗೆ ಅಡ್ಡ ಹಿಡಿದು ನಾಯಿಯ ಬಲಕ್ಕೆ ಸರಿದ. ಎಡಕ್ಕೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಸುಘೋಷ್, ಹೊಸ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು, ಬೂಟಿಗೆ ಅಂಟಿದ ಕೆಸರು ಒದರುತ್ತ ಬರುತ್ತಿದ್ದ. ಇಬ್ಬರ ಹಿಂದೆ ನಾಯಿಯ ಯಜಮಾನ ರಸ್ಸೆಲ್. ಭುಜದ ಆಪರೇಷನ್ ಆದಮೇಲೆ ಆತ ಕೋವಿ ಹಿಡಿಯುವುದಿಲ್ಲ. ಕೊರಳಲ್ಲಿ ಸೀಟಿ ಕಟ್ಟಿಕೊಂಡು ನಾಯಿಯನ್ನು ನಡೆಸುತ್ತಾನೆ, ಅಷ್ಟೆ.

ಮೆಲ್ಬರ್ನ್‌ನ ಹೊರಗೆ ಬ್ಯಾಕಸ್ ಮಾರ್ಷ್ ಊರು ದಾಟಿ ಅರ್ಧ ಗಂಟೆಯ ದಾರಿಯಲ್ಲಿದ್ದ ಆ ಹೊಲ ರಸ್ಸೆಲ್‌ನ ಹಳೆಯ ಸ್ನೇಹಿತನದು. ಗೇಟಿನ ಬಳಿ ಗಾಡಿ ನಿಲ್ಲಿಸಿದಾಗ ರಸ್ಸೆಲ್ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಒಂದೇ ನಿಯಮ ಹೇಳಿದ್ದ. ಹಕ್ಕಿಯ ಕೆಳಗೆ ಆಕಾಶ ಕಾಣಬೇಕು. ಹಕ್ಕಿಗೂ ನೆಲಕ್ಕೂ ನಡುವೆ ಆಕಾಶ ಕಾಣದಿದ್ದರೆ ಟ್ರಿಗರ್ ಮುಟ್ಟಬಾರದು, ಯಾಕೆಂದರೆ ನೆಲದ ಮೇಲಿರುವುದು ನನ್ನ ನಾಯಿ. ಸಂಪತ್ ಈ ಮಾತನ್ನು ಹೋದ ವರ್ಷದಿಂದ ಕೇಳುತ್ತ ಬಂದವನು. ಆದರೂ ಮೊದಲ ಸಲ ಕೇಳುವವನಂತೆ ತಲೆ ಆಡಿಸಿದ್ದ. ಸುಘೋಷ್ ಅದನ್ನು ಇಂಗ್ಲಿಷಿನಲ್ಲಿ ಎರಡು ಸಲ ತನಗೆ ತಾನೇ ಹೇಳಿಕೊಂಡಿದ್ದ.

ಹಕ್ಕಿ ಮುಷ್ಟಿಯಷ್ಟು ಗಾತ್ರದ್ದು, ಒಣಹುಲ್ಲಿನ ಬಣ್ಣದ್ದು. ಇಲ್ಲಿಯವರು ಕ್ವೇಲ್ ಅನ್ನುತ್ತಾರೆ. ಸಂಪತ್‌ನ ಊರು ಚಳ್ಳಕೆರೆ ಕಡೆ ಅದಕ್ಕೆ ಬುರ್ಲಿ ಅನ್ನುತ್ತಾರೆ. ಅವನ ಚೀಲದಲ್ಲಿ ಆಗಲೇ ಐದು ಬುರ್ಲಿ ಇದ್ದವು. ಸುಘೋಷ್‌ನ ಚೀಲ ಖಾಲಿ. ಹಕ್ಕಿ ಎದ್ದ ಕೂಡಲೇ ಅವನು ಬೆಚ್ಚಿ, ಕೋವಿಯನ್ನು ನೀರು ಎರಚುವ ಪೈಪಿನಂತೆ ಅತ್ತಿತ್ತ ತಿರುಗಿಸುತ್ತಿದ್ದ. ಹಾಗೆ ತಿರುಗಿಸಬೇಡ ಎಂದು ರಸ್ಸೆಲ್ ಬೆಳಗಿನಿಂದ ಎರಡು ಸಲ ಗದರಿದ್ದ. ಸಂಪತ್‌ನನ್ನು ಮಾತ್ರ ಆತ ಹೊಗಳುತ್ತಲೇ ಇದ್ದ. ನಾಯಿ ಮೂಸುವ ಮೊದಲೇ ನೀನು ಅತ್ತ ನೋಡುತ್ತಿರುತ್ತೀಯಲ್ಲ, ಎಲ್ಲಿ ಕಲಿತೆ ಎಂದು ಕೇಳಿದ್ದ. ಯೂಟ್ಯೂಬ್ ಎಂದಿದ್ದ ಸಂಪತ್.

ಸುಘೋಷ್ ಮೈಸೂರಿನವನು. ಡಾಕ್‌ಲ್ಯಾಂಡ್ಸ್‌ನ ಆಫೀಸಿನಲ್ಲಿ ಇಬ್ಬರದೂ ಅಕ್ಕಪಕ್ಕದ ಟೇಬಲ್. ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ಬಿಡದ ಕುಟುಂಬ ಅವನದು. ಹೊರಗೆ ಅವನಿಗೆ ಎಲ್ಲ ನಡೆಯುತ್ತದೆ. ಸಂಪತ್‌ನ ಫೋನಿನಲ್ಲಿ ಡಾಟಿಯ ಫೋಟೋ ಕಂಡವನೇ, ತನ್ನನ್ನೂ ಕರೆದುಕೊಂಡು ಹೋಗು ಎಂದು ಗಂಟುಬಿದ್ದು, ಲೈಸೆನ್ಸಿನ ಪರೀಕ್ಷೆ ಪಾಸು ಮಾಡಿ, ಕೋವಿ ಕೊಂಡಿದ್ದ. ಇವತ್ತು ಬೆಳಿಗ್ಗೆ ಕಾರಿನಲ್ಲಿ ಬರುವಾಗ ಅವನು ಖುಷಿಯಲ್ಲಿದ್ದ.

"ನಮ್ಮಜ್ಜನ ಮನೆ ಬೀದೀಲಿ ಹಕ್ಕಿ ಮಾರೋರು ಬರ್ತಿದ್ರು ಗುರು," ಎಂದಿದ್ದ. "ಬುಟ್ಟಿ ತುಂಬ ಹಕ್ಕಿ. ಒಂದೊಂದಕ್ಕೂ ಕಣ್ಣು ಹೊಲಿದಿರೋರು, ದಾರ ಹಾಕಿ. ನಮ್ಮಜ್ಜಿ ನೋಡಿದ್ರೆ ಅವತ್ತು ಊಟ ಮಾಡ್ತಿರ್ಲಿಲ್ಲ. ಎಂಥ ಜನ ಅಲ್ವಾ? ಮನುಷ್ಯರೇ ಅಲ್ಲ."

"ಹೌದಾ," ಎಂದಿದ್ದ ಸಂಪತ್. ವೈಪರನ್ನು ಒಂದು ಹಂತ ಜೋರು ಮಾಡಿದ್ದ.

ರಸ್ಸೆಲ್ ಸೀಟಿ ಊದಿದ. ಡಾಟಿ ಒಂದು ಹೆಜ್ಜೆ ಮುಂದಿಟ್ಟಿತು. ಸುಘೋಷ್‌ನ ಕಡೆಯಿಂದ ಒಂದು ಹಕ್ಕಿ ಬುರ್ರನೆ ಎದ್ದು, ಮಳೆಗೆ ತೂಗಾಡುತ್ತ ಅವನ ತಲೆಯ ಎತ್ತರಕ್ಕೆ ಏರಿತು. ಅದೇ ಹೊತ್ತಿಗೆ ಸಂಪತ್‌ನ ಕಣ್ಣಿಗೆ ಇನ್ನೊಂದು ಬಿತ್ತು. ಅದು ಏಳಲಿಲ್ಲ. ಒದ್ದೆ ರೆಕ್ಕೆಯನ್ನು ಮೈಗೆ ಒತ್ತಿಕೊಂಡು, ಕತ್ತು ನೀಡಿ, ಕೂಳೆಯ ಸಾಲು ಹಿಡಿದು ಇಲಿಯಂತೆ ಓಡುತ್ತಿತ್ತು. ಹೀಗೆ ಓಡುವ ಬುರ್ಲಿಯನ್ನು ಅವನು ಮೂವತ್ತು ವರ್ಷದಿಂದ ಬಲ್ಲ. ಮಳೆಯಲ್ಲಿ ಅದು ಎಷ್ಟು ದೂರ ಓಡುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಅರೆಕ್ಷಣ ನಿಲ್ಲುತ್ತದೆ, ಎಲ್ಲವೂ ಗೊತ್ತು. ಅದು ನಿಲ್ಲುವ ಜಾಗಕ್ಕೆ ಅವನ ಕೋವಿ ತಾನಾಗಿ ಇಳಿಯಿತು. ಡಾಟಿಯೂ ಆ ಹಕ್ಕಿಯ ಕಡೆ ಹೊರಳಿದ್ದನ್ನು ಅವನು ನೋಡಲಿಲ್ಲ. ಸುಘೋಷ್‌ನ ಕೋವಿ ಹಾರಿತು. ಅದರ ಸದ್ದಿನೊಳಗೇ ಇವನದೂ ಹಾರಿತು.

ಡಾಟಿ ಕಿರುಚಿತು.

ಅದು ನಾಯಿಯ ದನಿಯಂತೆಯೇ ಇರಲಿಲ್ಲ. ತನ್ನ ಸುತ್ತ ತಾನೇ ಎರಡು ಸುತ್ತು ತಿರುಗಿ, ಮುಖವನ್ನು ಕೆಸರಿಗೆ ಉಜ್ಜಿ, ಮತ್ತೆ ಎದ್ದು ತಿರುಗಿತು. ರಸ್ಸೆಲ್ ಓಡಿದ. ಎಪ್ಪತ್ತರ ಮನುಷ್ಯ ಕೂಳೆಯಲ್ಲಿ ಎಡವಿ ಮೊಣಕಾಲಿನ ಮೇಲೆ ಬಿದ್ದು, ಎದ್ದು, ನಾಯಿಯನ್ನು ಎದೆಗೆ ಅವುಚಿಕೊಂಡ. ಸುಘೋಷ್ ನಿಂತಲ್ಲೇ ನಿಂತಿದ್ದ. ಕೋವಿಯ ತುದಿಯಿಂದ ಇನ್ನೂ ಹೊಗೆ ಹೋಗುತ್ತಿತ್ತು.

"ನಾನಾ?" ಎಂದ ಅವನು ಕನ್ನಡದಲ್ಲಿ. "ನಾನಾ ಹೊಡೆದಿದ್ದು?"

ಆಗ ಹೇಳಬಹುದಿತ್ತು. ಹೇಳಲು ಒಂದು ಉಸಿರಿನಷ್ಟು ಹೊತ್ತು ಸಾಕಿತ್ತು. ಸಂಪತ್ ಕೋವಿ ಮಡಚಿ, ಸುಟ್ಟ ತೋಟಾವನ್ನು ಹೊರಕ್ಕೆಳೆದು ಜೇಬಿಗೆ ಹಾಕಿಕೊಂಡ. ರಸ್ಸೆಲ್ ನಾಯಿಯ ಮುಖ ಒರೆಸುತ್ತ ತಲೆಯೆತ್ತದೆ ಅವನನ್ನು ಕೇಳಿದ: ನಿನ್ನ ಗುಂಡು ಎತ್ತ ಹೋಯಿತು?

"ಮೇಲೆ," ಎಂದ ಸಂಪತ್. ಬೆರಳೆತ್ತಿ ತೋರಿಸಿದ. ಮೇಲೆ ಬೂದಿ ಬಣ್ಣದ ಮೋಡ ಬಿಟ್ಟರೆ ಏನೂ ಇರಲಿಲ್ಲ.

ಬೆಳಗಿನಿಂದ ಕೋವಿ ಅತ್ತಿತ್ತ ತಿರುಗಿಸುತ್ತಿದ್ದವನು ಯಾರು ಎಂಬುದು ರಸ್ಸೆಲ್‌ಗೆ ಗೊತ್ತಿತ್ತು. ಆತನ ಕನ್ನಡಕದ ತುಂಬ ಮಳೆಹನಿಗಳಿದ್ದವು. ನಾಯಿಯನ್ನು ಜಾಕೆಟ್ಟಿನಲ್ಲಿ ಸುತ್ತಿಕೊಂಡು ಗಾಡಿಯ ಕಡೆ ನಡೆದ. ಸುಘೋಷ್ ಅಳುತ್ತ ಹಿಂದೆ ಓಡಿದ. ಸಂಪತ್ ಎರಡೂ ಕೋವಿಚೀಲ ಹೊತ್ತುಕೊಳ್ಳುವ ನೆವದಲ್ಲಿ ಹಿಂದುಳಿದ. ಆ ಹಕ್ಕಿ ಸಾಲಿನಲ್ಲೇ ಬಿದ್ದಿತ್ತು, ಎದೆ ಮೇಲಾಗಿ. ಅವರಿಬ್ಬರೂ ಬೆನ್ನು ತಿರುಗಿಸಿರುವುದನ್ನು ನೋಡಿಕೊಂಡು ಅವನು ಅದರ ಮೇಲೆ ಬೂಟಿಟ್ಟ. ಮಣ್ಣು ಮೆತ್ತಗಿತ್ತು. ಎರಡನೆಯ ಸಲ ಒತ್ತಿದಾಗ ಹಕ್ಕಿ ಪೂರ್ತಿ ಒಳಗೆ ಹೋಯಿತು.

*

ಮೆಲ್ಟನ್‌ನ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಎರಡು ಗಂಟೆ ಕಾದರು. ಸುಘೋಷ್ ಕುರ್ಚಿಯಲ್ಲಿ ಬಗ್ಗಿ ಕೂತು ನೆಲ ನೋಡುತ್ತಿದ್ದ. ನಾನು ಮೇಲಕ್ಕೇ ಹಿಡಿದಿದ್ದೆ ಎಂದು ಒಮ್ಮೆ ಅನ್ನುತ್ತಿದ್ದ, ಇಲ್ಲ, ನನಗೆ ಗೊತ್ತಿಲ್ಲ ಎಂದು ಇನ್ನೊಮ್ಮೆ ಅನ್ನುತ್ತಿದ್ದ. ಸಂಪತ್ ಅವನ ಬೆನ್ನು ಸವರಿದ. ಬೆನ್ನು ಸವರಿದ್ದನ್ನು ನೆನೆದರೆ ಅವನಿಗೆ ಆಮೇಲೆ ಹಕ್ಕಿಯನ್ನು ತುಳಿದದ್ದಕ್ಕಿಂತ ಹೆಚ್ಚು ಹೇಸಿಗೆಯಾಗುತ್ತಿತ್ತು. ಆಕ್ಸಿಡೆಂಟ್ ಬಿಡು, ಯಾರಿಗಾದ್ರೂ ಆಗುತ್ತೆ ಎಂದೂ ಅಂದಿದ್ದ.

ಡಾಟಿಯ ಎಡಗಣ್ಣು ತೆಗೆಯಬೇಕಾಯಿತು. ಹೊರಗೆ ಕರೆತಂದಾಗ ಅರ್ಧ ಮುಖದ ಕೂದಲು ಬೋಳಿಸಿದ್ದರು. ಮೇಲಿನ ರೆಪ್ಪೆ ಕೆಳಗಿನ ರೆಪ್ಪೆ ಸೇರಿಸಿ ಕಪ್ಪು ದಾರದಲ್ಲಿ ಹೊಲಿದಿದ್ದರು. ಏಳು ಗಂಟು. ಸಂಪತ್ ಗೋಡೆಯ ಮೇಲಿನ ಬೆಕ್ಕಿನ ಆಹಾರದ ಪೋಸ್ಟರಿನ ಕಡೆ ತಿರುಗಿದ.

ಅವನ ಅಪ್ಪ ಉರುಲು ಹಾಕುತ್ತಿದ್ದ. ಕುದುರೆಯ ಬಾಲದ ಕೂದಲು ಹೊಸೆದು ಮಾಡಿದ ಸಣ್ಣ ಉರುಲುಗಳು, ಶೇಂಗಾ ಹೊಲದ ಬದುವಿನುದ್ದಕ್ಕೂ. ಸಿಕ್ಕಿದ ಬುರ್ಲಿಗಳನ್ನು ಅವ್ವ ಪುಟ್ಟಮ್ಮ ತೊಡೆಯ ನಡುವೆ ಹಿಡಿದುಕೊಂಡು ರೆಪ್ಪೆಗೆ ರೆಪ್ಪೆ ಸೇರಿಸಿ ಹೊಲಿಗೆ ಹಾಕುತ್ತಿದ್ದಳು. ಕಣ್ಣು ಕಾಣದಿದ್ದರೆ ಹಕ್ಕಿ ಬುಟ್ಟಿಯಲ್ಲಿ ಗಾಬರಿಯಾಗುವುದಿಲ್ಲ, ರೆಕ್ಕೆ ಮುರಿದುಕೊಳ್ಳುವುದಿಲ್ಲ, ಸಂತೆ ಮುಗಿಯುವವರೆಗೆ ಬದುಕಿರುತ್ತದೆ. ಒಮ್ಮೆ ಫಾರೆಸ್ಟಿನವರು ಅಪ್ಪನನ್ನು ಬುಟ್ಟಿಯ ಸಮೇತ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿದ್ದರು. ಸರ್ಕಾರಿ ಹಾಸ್ಟೆಲಿನ ಹುಡುಗರೆಲ್ಲ ಅದೇ ದಾರಿಯಲ್ಲಿ ಶಾಲೆಗೆ ಹೋಗಬೇಕಿತ್ತು. ಅವತ್ತಿನಿಂದ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಸಂಪತ್‌ನನ್ನು ಎಲ್ಲರೂ ಕರೆದದ್ದು ಬುರ್ಲಿ ಎಂದು.

ಆಸ್ಟ್ರೇಲಿಯಕ್ಕೆ ಬಂದ ಮೊದಲ ವರ್ಷ ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಬಾಡಿಗೆಗಿದ್ದಾಗ ಯಾರದೋ ಮನೆಯ ಗಣಪತಿ ಊಟದಲ್ಲಿ ಒಬ್ಬ ಹಿರಿಯರು ತಂದೆಯವರು ಏನು ಮಾಡ್ತಿದ್ರು ಎಂದು ಕೇಳಿದರು. ತೋಟಗಾರಿಕೆ ಇಲಾಖೆಯಲ್ಲಿದ್ರು ಎಂದು ಅವನ ಬಾಯಿಂದ ಬಂತು. ಆಮೇಲೆ ಮೆಲ್ಬರ್ನ್‌ಗೆ ಬಂದು ಮನೆ ಕೊಂಡ. ತೋಟಗಾರಿಕೆ ಇಲಾಖೆಯೂ ಜೊತೆಗೆ ಬಂತು. ಇಲ್ಲಿ ಪಕ್ಕದ ಮನೆಯ ರಸ್ಸೆಲ್ ಬುರ್ಲಿ ಬೇಟೆಗೆ ಕರೆದಾಗ ಅವನಿಗೆ ಮೊದಲು ನಗು ಬಂದಿತ್ತು. ಅಪ್ಪ ಮಾಡಿದರೆ ಕೇಸು, ಇಲ್ಲಿ ಲೈಸೆನ್ಸು, ಸೀಸನ್ನು, ಕಿತ್ತಳೆ ಜಾಕೆಟ್ಟು, ಸಾಕಿದ ನಾಯಿ. ಹೋದಮೇಲೆ ಮಾತ್ರ ಕಾಲು ಕಣ್ಣು ಎಲ್ಲ ಹಳೆಯ ಕೆಲಸಕ್ಕೆ ಹೊರಳಿದವು. ಅಷ್ಟು ಚೆನ್ನಾಗಿ ಬರುವ ಬೇರೆ ಯಾವ ಕೆಲಸವೂ ಅವನಿಗೆ ಗೊತ್ತಿರಲಿಲ್ಲ, ಆಫೀಸಿನದೂ ಸೇರಿ.

ಆ ಸಂಜೆ ರಸ್ಸೆಲ್ ಸುಘೋಷ್‌ನ ಭುಜದ ಮೇಲೆ ಕೈಯಿಟ್ಟು, ಸ್ವಲ್ಪ ದಿನ ನಮ್ಮ ಮನೆಗೆ ಬರಬೇಡ, ನಾನೇ ಫೋನ್ ಮಾಡುತ್ತೇನೆ ಎಂದ. ಬೈಯಲಿಲ್ಲ. ಸುಘೋಷ್ ಸೋಮವಾರವೇ ಕೋವಿಯನ್ನು ಅಂಗಡಿಗೆ ಹಿಂದಿರುಗಿಸಿದ. ಆಫೀಸಿನಲ್ಲಿ ಊಟದ ಡಬ್ಬಿ ತೆರೆಯದೆ ಮುಚ್ಚಿಡತೊಡಗಿದ. ಬುಧವಾರ ಅಡುಗೆಕೋಣೆಯಲ್ಲಿ ಕಾಫಿ ಮಾಡಿಕೊಳ್ಳುವಾಗ, ತನ್ನ ಏಳು ವರ್ಷದ ಮಗಳು ಸಾನ್ವಿ ತನ್ನ ಪಕ್ಕ ಮಲಗುತ್ತಿಲ್ಲ ಎಂದು ಹೇಳಿದ. ಸಂಪತ್ ಸಕ್ಕರೆ ಕಲಕಿದ. ಇವತ್ತು ಹೇಳೋಣ ಎಂದು ಅವನು ಪ್ರತಿದಿನ ರೈಲಿನಲ್ಲಿ ಅಂದುಕೊಳ್ಳುತ್ತಿದ್ದ. ಪ್ರತಿದಿನ ಮಾತು ಶುರುವಾಗಬೇಕಾದ ಜಾಗ ಒಂದೇ ಆಗಿತ್ತು: ಹಕ್ಕಿ ಓಡುತ್ತಿತ್ತು. ಓಡುವ ಹಕ್ಕಿಗೆ ಯಾಕೆ ಹೊಡೆದೆ ಎಂದು ಕೇಳುತ್ತಾರೆ. ನನಗೆ ಅದೇ ಗೊತ್ತಿರುವುದು ಎನ್ನಬೇಕಾಗುತ್ತದೆ. ಹೇಗೆ ಗೊತ್ತು ಎಂದು ಕೇಳುತ್ತಾರೆ. ಅಲ್ಲಿಗೆ ಬಂದು ರೈಲು ನಿಲ್ಲುತ್ತಿತ್ತು, ಇಳಿಯುತ್ತಿದ್ದ.

ಇದೊಂದು ನೆವ ಎಂದೂ ಅವನಿಗೆ ಗೊತ್ತಿತ್ತು. ನೋಡದೆ ಹೊಡೆದೆ ಎಂದರೂ ಸಾಕಿತ್ತು.

*

ಹತ್ತು ದಿನ ಕಳೆದು ಮಂಗಳವಾರ ಯಾವುದೋ ರಜೆ ಬಂತು. ಸಂಪತ್‌ನ ಹೆಂಡತಿ ವೇದಾ ಆಸ್ಪತ್ರೆಯ ಲ್ಯಾಬಿಗೆ ಡ್ಯೂಟಿಗೆ ಹೋಗಿದ್ದಳು. ರಸ್ಸೆಲ್ ಜೀಲಾಂಗ್‌ನಲ್ಲಿರುವ ಮಗಳ ಮನೆಗೆ ಊಟಕ್ಕೆ ಹೋಗುವವನಿದ್ದ. ಡಾಟಿಯನ್ನು ಒಂಟಿ ಬಿಡುವಂತಿರಲಿಲ್ಲ, ಹೊಲಿಗೆ ಕೆರೆದುಕೊಳ್ಳುತ್ತದೆ. ಬೇಲಿಯ ಈಚೆಯಿಂದ ದಿನಾ ನಾಯಿಯನ್ನು ಮಾತಾಡಿಸುವ ಸಂಪತ್‌ನ ಅವ್ವನ ಬಳಿ ಬಿಟ್ಟು ಹೋದ. ಪುಟ್ಟಮ್ಮ ವಿಸಿಟರ್ ವೀಸಾದಲ್ಲಿ ಬಂದು ಎರಡು ತಿಂಗಳಾಗಿತ್ತು. ಅವಳಿಗೆ ಇಂಗ್ಲಿಷಿನಲ್ಲಿ ಬರುವುದು ಥ್ಯಾಂಕ್ಯೂ ಒಂದೇ. ರಸ್ಸೆಲ್‌ನ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ, ಆತ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ, ಇಬ್ಬರಿಗೂ ಅದರಿಂದ ತೊಂದರೆಯಾದಂತೆ ಕಾಣುವುದಿಲ್ಲ.

ಅವಳು ಬಂದ ವಾರದಲ್ಲೇ ಸಂಪತ್ ಒಂದು ಮಾತು ಹೇಳಿಟ್ಟಿದ್ದ. ಇಲ್ಲಿಯ ಕನ್ನಡದವರು ಮನೆಗೆ ಬಂದಾಗ ಹಕ್ಕಿಯ ಕೆಲಸದ ವಿಷಯ ಎತ್ತಬೇಡ.

"ಯಾಕೆ, ಕದ್ದಿದ್ವೇನು?" ಎಂದು ಅವಳು ಕೇಳಿದ್ದಳು.

ಕದ್ದಿರಲಿಲ್ಲ. ಅವನು ವಿಷಯ ಬದಲಿಸಿದ್ದ. ಹಿಂದಿನ ಬೇಟೆಗಳಲ್ಲಿ ತಂದ ಬುರ್ಲಿಗಳನ್ನು ಅವಳು ಸಿಂಕಿನ ಬಳಿ ನಿಂತು ಕ್ಷಣದಲ್ಲಿ ಪುಕ್ಕ ತರಿದು, ಖಾರ ಅರೆದು ಹಾಕಿ, ಮುದ್ದೆಯ ಜೊತೆ ಬಡಿಸಿದ್ದಳು. ಇಲ್ಲಿಯವು ಕೊಬ್ಬು ಜಾಸ್ತಿ, ರುಚಿ ಕಮ್ಮಿ ಎಂದಿದ್ದಳು. ಡಾಟಿಯ ಕಣ್ಣು ಹೋದದ್ದನ್ನು ಕೇಳಿದಾಗ ಸಂಪತ್ ಯಾರದೋ ಕೋವಿಯ ಚರೆ ತಗುಲಿತು ಎಂದಷ್ಟೇ ಹೇಳಿದ್ದ. ಅವಳು ಇನ್ನೇನೂ ಕೇಳಿರಲಿಲ್ಲ.

ಹಿತ್ತಲಿನ ಶೀಟಿನ ಮಾಡಿನ ಕೆಳಗೆ ಪುಟ್ಟಮ್ಮ ಗೋಣಿ ಹಾಸಿ ಕೂತಿದ್ದಳು. ಸೀರೆಯ ಮೇಲೆ ಸಂಪತ್‌ನ ಹಳೆಯ ಸ್ವೆಟರು, ಕಾಲಿಗೆ ಕ್ರಿಕೆಟ್ಟಿನ ಸಾಕ್ಸು. ಡಾಟಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಮಳೆ ಸಣ್ಣಗೆ ಬೀಳುತ್ತಿತ್ತು. ಅದರ ಕುತ್ತಿಗೆಗೆ ಹಾಕಿದ್ದ ಅಗಲ ಬಾಯಿಯ ಪ್ಲಾಸ್ಟಿಕ್ ಪಟ್ಟಿಯನ್ನು ಅವಳು ಬಿಚ್ಚಿ ಪಕ್ಕಕ್ಕಿಟ್ಟಿದ್ದಳು. "ಕುತ್ತಿಗೆಗೆ ಮೊರ ಕಟ್ಯವ್ರೆ, ಪಾಪ. ನಾನು ಕಾಯ್ತೀನಿ ಬಿಡು," ಎಂದಿದ್ದಳು.

ಸುಘೋಷ್ ಹೇಳದೆ ಬಂದ. ರಸ್ಸೆಲ್ ಇಲ್ಲದ ಹೊತ್ತು ನಾಯಿಯನ್ನು ನೋಡಿ ಹೋಗಬೇಕೆಂದು ಎರಡು ದಿನದಿಂದ ಕೇಳುತ್ತಿದ್ದ. ಸಂಪತ್ ನೋಡೋಣ ಎಂದು ತಳ್ಳಿದ್ದ. ಕೈಯಲ್ಲಿ ನಾಯಿಯ ಬಿಸ್ಕತ್ತಿನ ದೊಡ್ಡ ಪೊಟ್ಟಣ, ಹೆಂಡತಿ ಕೊಟ್ಟ ಕೋಡುಬಳೆಯ ಡಬ್ಬಿ. ಗಡ್ಡ ಬೆಳೆದಿತ್ತು.

"ಬನ್ನಿ ಸ್ವಾಮಿ, ಕುತ್ಕಳ್ರಿ," ಎಂದಳು ಪುಟ್ಟಮ್ಮ.

"ಆಂಟಿ, ಸ್ವಾಮಿ ಗೀಮಿ ಬೇಡಿ. ನಿಮ್ಮ ಮಗನ ವಯಸ್ಸು ನಂದು."

"ಬಾಯಿಗೆ ರೂಢಿ ಬಿಡ್ರಿ."

ಆ ಸ್ವಾಮಿ ಎಂಬ ಮಾತಿಗೇ ಸಂಪತ್‌ನ ಕಿವಿ ಬಿಸಿಯಾಯಿತು. ಟೀ ಮಾಡುತ್ತೇನೆಂದು ಒಳಗೆ ಹೋದ. ಗಾಜಿನ ಬಾಗಿಲಿನಿಂದ ನೋಡಿದರೆ ಸುಘೋಷ್ ಡಾಟಿಯ ಮುಂದೆ ಮಂಡಿಯೂರಿ, ಅದರ ಮುಂಗಾಲನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳುತ್ತಿದ್ದ. ಅವನು ಲೋಟ ತಂದಿಡುವ ಹೊತ್ತಿಗೆ ಪುಟ್ಟಮ್ಮ ಕೇಳುತ್ತಿದ್ದಳು: "ನಾಯಿ ಕಾಲ್ ಯಾಕೆ ಹಿಡೀತೀರಿ, ನೀವೇನ್ ಮಾಡಿದ್ರಿ?"

"ನಾನೇ ಹೊಡೆದಿದ್ದು ಆಂಟಿ. ಸಂಪತ್ ಹೇಳ್ಲಿಲ್ವಾ?"

ಪುಟ್ಟಮ್ಮ ಮಗನನ್ನು ಒಮ್ಮೆ ನೋಡಿದಳು. "ಹೇಳಿರ್ಬೇಕು. ನಂಗೇ ಮರ್ತಿತು," ಎಂದಳು. ಮತ್ತೆ ನಾಯಿಯ ಮುಖ ತನ್ನ ಕಡೆ ತಿರುಗಿಸಿಕೊಂಡು, ಹೊಲಿಗೆಯ ಗಂಟುಗಳ ಮೇಲೆ ತೋರುಬೆರಳನ್ನು ಹಗುರಾಗಿ ಆಡಿಸಿದಳು. "ನೋಡ್ರಿ, ಎಷ್ಟು ಬಿಗಿ ಹಾಕವ್ರೆ. ಇಷ್ಟು ಬಿಗಿ ಬ್ಯಾಡಾಗಿತ್ತು. ನಾವು ಬುರ್ಲಿಗೆ ಹಾಕುವಾಗ ಸಡಿಲ ಬಿಡ್ತಿದ್ವಿ. ಸಂತೆ ಮುಗಿದು ದಾರ ಕತ್ತರಿಸಿದ್ರೆ ಕಣ್ಣು ಹಂಗೇ ಬಿಟ್ಕಂತಿತ್ತು, ಒಂದು ತೊಟ್ಟು ರಕ್ತ ಬರ್ತಿರ್ಲಿಲ್ಲ."

ಸುಘೋಷ್ ಲೋಟ ತೆಗೆದುಕೊಳ್ಳಲು ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡ.

"ನೀವು ಹೊಲೀತಿದ್ರಾ?"

"ಮತ್ತೆ? ಇವರಪ್ಪ ಉರುಲು ಹಾಕೋನು, ನಾನು ಹೊಲಿಯೋಳು. ಇವನು ಇಂಜಿನಿಯರ್ ಆಗಿದ್ದು ಎಂಗೆ ಅಂದ್ಕಂಡ್ರಿ?"

ಅವಳ ದನಿಯಲ್ಲಿ ಅಳುಕಿರಲಿಲ್ಲ. ಬೀಜ ಬಿತ್ತುತ್ತಿದ್ದೆವು, ಕಳೆ ಕೀಳುತ್ತಿದ್ದೆವು ಅನ್ನುವಂತೆ ಹೇಳಿದಳು. ಹದಿನೈದು ವರ್ಷ, ಎರಡು ನಗರ, ಎಷ್ಟೋ ಮನೆಯ ಊಟಗಳಲ್ಲಿ ಸಂಪತ್ ಬಚ್ಚಿಟ್ಟುಕೊಂಡು ತಿರುಗಿದ್ದು ಗೋಣಿಯ ಮೇಲೆ, ಬಿಸ್ಕತ್ತಿನ ಪೊಟ್ಟಣದ ಪಕ್ಕ ಬಂದು ಬಿದ್ದಿತ್ತು. ಏನೂ ಆಗಲಿಲ್ಲ. ಮಳೆ ಮೊದಲಿನಂತೆಯೇ ಬೀಳುತ್ತಿತ್ತು. ಕೆಂಪಗಾದದ್ದು ಸುಘೋಷ್‌ನ ಮುಖ.

"ಅವತ್ತು ಕಾರಲ್ಲಿ ನಾನು," ಎಂದು ಸಂಪತ್‌ನ ಕಡೆ ನೋಡದೆ ಹೇಳಿದ. "ಗೊತ್ತಿರ್ಲಿಲ್ಲ ಕಣೋ. ಸಾರಿ."

"ಪರವಾಗಿಲ್ಲ," ಎಂದ ಸಂಪತ್. ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು ಅವನಿಗೆ ಹಗುರವಾಯಿತು. ಹಗುರವಷ್ಟೇ ಅಲ್ಲ, ಒಂದು ಬಗೆಯ ದೊಡ್ಡಸ್ತಿಕೆಯೂ ಬಂತು. ಈ ಮೈಸೂರಿನವನು ತನ್ನನ್ನು ಕ್ಷಮೆ ಕೇಳುತ್ತಿದ್ದಾನೆ, ತಾನು ಕ್ಷಮಿಸಿದ್ದಾಯಿತು. ಟೀ ಗಂಟಲಿಗೆ ಇಳಿಯುವಷ್ಟರಲ್ಲಿ, ಇವನ ಮುಂದೆ ಹೀಗೆ ಕುಳಿತಿರುವ ತಾನು ಯಾರು ಎಂಬುದು ನೆನಪಾಯಿತು.

ಮಾತು ಬದಲಿಸಲೆಂದೋ ಏನೋ ಸುಘೋಷ್ ಪುಟ್ಟಮ್ಮನ ಕಡೆ ತಿರುಗಿದ. "ನಿಮಗೆ ಹಕ್ಕಿ ವಿಷಯ ಎಲ್ಲ ಗೊತ್ತಲ್ವಾ ಆಂಟಿ, ಒಂದು ಕೇಳ್ತೀನಿ. ನಾನು ಹೊಡೆದಿದ್ದು ಹಾರ್ತಿದ್ದ ಹಕ್ಕೀಗೆ. ನನ್ನ ತಲೆಗಿಂತ ಮೇಲಿತ್ತು. ದಿನಾ ಅದನ್ನೇ ಯೋಚ್ನೆ ಮಾಡ್ತೀನಿ, ತಲೆ ಕೆಟ್ಟುಹೋಗಿದೆ. ಚರೆ ನಾಯಿ ಕಣ್ಣಿಗೆ ಹೇಗೆ ಹೋಯ್ತು?"

"ಅವತ್ತು ಮಳೆ ಇತ್ತಾ?"

"ಬೆಳಗ್ಗಿಂದ ಬಿಟ್ಟೇ ಇರ್ಲಿಲ್ಲ."

"ಮಳೇಲಿ ಬುರ್ಲಿ ಎಲ್ಲಿ ಹಾರ್ತವೆ ಸ್ವಾಮಿ. ರೆಕ್ಕೆ ತೊಯ್ದಿರ್ತದೆ. ಒಂದು ಎದ್ರೆ ಇನ್ನೊಂದು ಸಾಲು ಹಿಡ್ದು ಓಡ್ತದೆ. ಇವನ್ನ ಕೇಳ್ರಿ. ಇವನ ಕಣ್ಣಿಗೆ ಬಿದ್ದ ಬುರ್ಲಿ ಇವತ್ತಿನಗಂಟ ತಪ್ಪಿಸ್ಕಂಡಿಲ್ಲ."

ಹೊಗಳಿಕೆಯ ಮಾತು ಅದು. ಹೇಳುವಾಗ ಅವಳು ತಲೆ ಬಗ್ಗಿಸಿ ನಾಯಿಯ ಕಿವಿಯೊಳಗೆ ಉಣ್ಣೆಹುಳ ಹುಡುಕುತ್ತಿದ್ದಳು. ಅವಳಿಗೆ ಎಷ್ಟು ಗೊತ್ತಿತ್ತು, ಯಾವಾಗಿನಿಂದ ಗೊತ್ತಿತ್ತು ಎಂದು ಸಂಪತ್‌ಗೆ ಆಮೇಲೂ ಕೇಳುವ ಧೈರ್ಯ ಬರಲಿಲ್ಲ.

ಸುಘೋಷ್ ಕೈಯಲ್ಲಿದ್ದ ಕೋಡುಬಳೆಯನ್ನು ಡಬ್ಬಿಗೆ ಹಿಂದಕ್ಕೆ ಹಾಕಿದ. ಬೆರಳಿಗೆ ಅಂಟಿದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನು ಆಫೀಸಿನಲ್ಲಿ ಬೇರೆಯವರ ಕಂಪ್ಯೂಟರ್ ಕೋಡಿನ ತಪ್ಪು ಹುಡುಕುವ ಕೆಲಸ ಮಾಡುವವನು. ಒಂದು ಸಾಲು ಸಿಕ್ಕರೆ ಮೇಲಿನದನ್ನೂ ಕೆಳಗಿನದನ್ನೂ ತಾನೇ ಜೋಡಿಸಿಕೊಳ್ಳುತ್ತಾನೆ. ಅವನ ಮುಖದಲ್ಲಿ ಅದು ಜೋಡಣೆಯಾಗುತ್ತಿರುವುದು ಸಂಪತ್‌ಗೆ ಕಾಣುತ್ತಿತ್ತು.

"ನಿಂದು ಮೇಲೆ ಅಂದೆ," ಎಂದ ಸುಘೋಷ್.

ಮಾಡಿನ ಅಂಚಿನಿಂದ ಬೀಳುವ ನೀರು ಬಕೆಟ್ಟು ತುಂಬಿ ಹೊರಗೆ ಹರಿಯುತ್ತಿತ್ತು.

"ಸಂಪತ್. ನಿನ್ನ ಹಕ್ಕಿ ಹಾರ್ತಿತ್ತಾ?"

"ಇಲ್ಲ," ಎಂದ ಸಂಪತ್. "ಓಡ್ತಿತ್ತು."

ಸುಘೋಷ್ ಬೈದಿದ್ದರೆ ಸಂಪತ್ ಏನಾದರೂ ಹೇಳುತ್ತಿದ್ದ. ಹೇಳಬೇಕಾದ ವಾಕ್ಯಗಳೆಲ್ಲ ರೈಲಿನಲ್ಲಿ ತಯಾರಾಗಿ ಕೂತಿದ್ದವು. ಅವನು ಬೈಯಲಿಲ್ಲ. ನಾಯಿಯ ಕಡೆ ನೋಡುತ್ತ, ಸಣ್ಣ ದನಿಯಲ್ಲಿ, ಯಾರಿಗೋ ಲೆಕ್ಕ ಒಪ್ಪಿಸುವವನಂತೆ ಹೇಳಿದ.

"ಸಾನ್ವಿಗೆ ನಾನೇ ಹೇಳಿದ್ದು. ಅಪ್ಪ ಒಂದು ನಾಯಿ ಕಣ್ಣು ತೆಗೆದ ಅಂತ. ಅವಳಮ್ಮ ಬೇಡ ಅಂದ್ಲು. ಮಕ್ಕಳ ಹತ್ರ ಸುಳ್ಳು ಹೇಳಬಾರ್ದು ಅಂತ ಹೇಳ್ದೆ."

ಎದ್ದ. ಪುಟ್ಟಮ್ಮನಿಗೆ, "ಬರ್ತೀನಿ ಆಂಟಿ," ಎಂದು ಎರಡೂ ಕೈ ಮುಗಿದ. ಸಂಪತ್‌ನ ಪಕ್ಕದಲ್ಲೇ ದಾಟಿ ಹೋಗಬೇಕಿತ್ತು. ಸೋಂಕದಂತೆ ಮೈ ಓರೆ ಮಾಡಿಕೊಂಡು ದಾಟಿದ. ಟೀ ಲೋಟ ಮುಟ್ಟದೆ ಹಾಗೇ ಇತ್ತು. ಮುಂದಿನ ರಸ್ತೆಯಲ್ಲಿ ಕಾರು ಸ್ಟಾರ್ಟ್ ಆಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಹೊರಟಿತು.

ಪುಟ್ಟಮ್ಮ ಸ್ವೆಟರಿನ ಜೇಬಿನಿಂದ ರಸ್ಸೆಲ್ ಕೊಟ್ಟುಹೋಗಿದ್ದ ಮುಲಾಮಿನ ಟ್ಯೂಬು ತೆಗೆದು, ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತಿರುಗಿಸಿದಳು.

"ಬಾ, ಇಲ್ಲಿ ಕುತ್ಕ. ಕಾಲು ಹಿಡ್ಕ," ಎಂದಳು. "ಹಚ್ಚುವಾಗ ಉರೀತದೆ, ಕೊಸರ್ತದೆ."

ಅವನು ಗೋಣಿಯ ಮೇಲೆ ಕೂತು ಡಾಟಿಯ ಮುಂಗಾಲುಗಳನ್ನು ಹಿಡಿದ. ಹಿಡಿತ ಬೆರಳಿಗೆ ತಾನಾಗಿ ಬಂತು, ಬಿಗಿಯೂ ಅಲ್ಲ, ಸಡಿಲವೂ ಅಲ್ಲ, ಜೀವ ಕೊಸರಿದರೆ ಗೊತ್ತಾಗುವಷ್ಟು. ಡಾಟಿ ಕೊಸರಲಿಲ್ಲ. ಅವನ ಅಂಗೈಯ ಕೆಳಗೆ ಅದರ ನಾಡಿ ಬಡಿದುಕೊಳ್ಳುತ್ತಿತ್ತು. ಅವ್ವ ಒಂದೊಂದೇ ಗಂಟಿಗೆ ಮುಲಾಮು ಮುಟ್ಟಿಸುತ್ತ ಬಂದಳು. ಮೂರು, ನಾಲ್ಕು.

ಬೇಲಿಯಾಚೆ ಜಲ್ಲಿಯ ಮೇಲೆ ರಸ್ಸೆಲ್‌ನ ಗಾಡಿ ತಿರುಗಿದ ಸದ್ದಾಯಿತು. ಬಾಗಿಲು ತೆರೆದು ಮುಚ್ಚಿತು. ಡಾಟಿಯ ಕಿವಿಗಳು ನಿಮಿರಿದವು, ಬಾಲ ಗೋಣಿಯನ್ನು ಒಮ್ಮೆ ಬಡಿಯಿತು. ಸಂಪತ್‌ನ ಕೈ ಸಡಿಲವಾಯಿತು.

"ಬಿಡಬ್ಯಾಡ," ಎಂದಳು ಪುಟ್ಟಮ್ಮ. "ಇನ್ನೂ ಐತೆ."

ಅವನು ಬಿಡಲಿಲ್ಲ. ಜಲ್ಲಿಯ ಮೇಲೆ ಬೂಟಿನ ಹೆಜ್ಜೆಗಳು ಹತ್ತಿರ ಬಂದವು. ಹಿತ್ತಲಿನ ಗೇಟಿನ ಚಿಲಕ ತೆಗೆಯುವ ಸದ್ದು ಕೇಳಿ ಡಾಟಿ ಉಳಿದಿದ್ದ ಒಂದು ಕಣ್ಣನ್ನು ಅತ್ತ ಹೊರಳಿಸಿತು.